ಸತ್ತಿವೆ, ಆದರೆ ಇನ್ನೂ ತೆಗೆಯುವಂತಿಲ್ಲ

17 ಜುಲೈ 2025, ಗುರುವಾರ, ರಾತ್ರಿ

ಲಾಗಿನ್ ದಾಖಲೆಗಳ ಕೋಷ್ಟಕದಿಂದ 60 ಲಕ್ಷ ಸಾಲುಗಳನ್ನು ಅಳಿಸಿದ ಮೇಲೂ ಡಿಸ್ಕಿನಲ್ಲಿ ಅಂಗೈಯಗಲ ಜಾಗ ಹೆಚ್ಚಾಗಲಿಲ್ಲ. ಹೆಚ್ಚಾಗುವುದು ಹಾಗಿರಲಿ, ಊಟಕ್ಕೆ ಮೊದಲು 4 ಜಿಬಿ ಎಂದು ತೋರಿಸುತ್ತಿದ್ದ ಖಾಲಿ ಜಾಗ ಮೂರೂವರೆಯ ಹೊತ್ತಿಗೆ 3 ಜಿಬಿಗೆ ಇಳಿದಿತ್ತು. ಕಸ ತೆಗೆದಷ್ಟೂ ಮನೆ ಕಿರಿದಾಗುತ್ತಿದೆ ಎಂದರೆ ಯಾರು ನಂಬುತ್ತಾರೆ? ಅದೇ ಆಜ್ಞೆಯನ್ನು ನಾಲ್ಕೈದು ಸಲ ಕೊಟ್ಟು ನೋಡಿದೆ. ಪ್ರತಿ ಸಲವೂ ಅದೇ ಅಂಕಿ.

ಪುಣ್ಯಕ್ಕೆ ಇದು ಅಭ್ಯಾಸಕ್ಕೆಂದು ಕೊಟ್ಟಿರುವ ಯಂತ್ರ. ನಿಜವಾದ ಸರ್ವರಿನ ನಕಲನ್ನೇ ಅದರಲ್ಲಿ ಹಾಕಿಕೊಂಡಿರುವುದರಿಂದ ಕೋಷ್ಟಕಗಳೂ ಅವೇ, ಡಿಸ್ಕಿನ ಅಳತೆಯೂ ಅದೇ, ಭಯವೂ ಹೆಚ್ಚುಕಡಿಮೆ ಅದೇ. ಲೆಕ್ಕಪತ್ರ ವಿಭಾಗದಲ್ಲಿ ಹನ್ನೆರಡು ವರ್ಷ ಕುಳಿತಿದ್ದ ನನಗೆ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶವನ್ನು ಒಪ್ಪಿಸಿ ಹೋದವರು ಬಿಟ್ಟುಹೋದದ್ದು ಒಂದೇ ಹಾಳೆ: ಪೋರ್ಟ್ 5432, ಪಾಸ್‌ವರ್ಡು, ಬ್ಯಾಕಪ್ ರಾತ್ರಿ ಒಂದು ಗಂಟೆಗೆ. ಡಿಸ್ಕ್ ತುಂಬಿದರೆ ಏನು ಮಾಡಬೇಕೆಂಬುದು ಅದರಲ್ಲಿ ಇಲ್ಲ. ಪಾಸ್‌ವರ್ಡನ್ನು ಹೀಗೆ ಹಾಳೆಯ ಮೇಲೆ ಬರೆದಿಡಬಾರದೆಂಬುದೂ ಇಲ್ಲ.

ಶಿರಸಿ ಮಾವನಿಗೆ ಫೋನ್ ಮಾಡುವ ಮುನ್ನ ಒಂದಿಷ್ಟು ನಾನೇ ಹುಡುಕಿದೆ. ಪಿಜಿ ವಾಲ್ ಎಂಬ ಕಡತಕೋಶದಲ್ಲಿ ಸೊನ್ನೆಗಳ ಸಾಲನ್ನೇ ಹೆಸರಾಗಿ ಹೊತ್ತ ಅರುವತ್ತಕ್ಕೂ ಹೆಚ್ಚು ಕಡತಗಳಿದ್ದವು, ಒಂದೊಂದೂ ಅಚ್ಚು ಹಾಕಿದಂತೆ 16 ಎಂಬಿ. ಕಾಣೆಯಾದ 1 ಜಿಬಿ ಇಲ್ಲಿದೆ ಎಂದು ತಿಳಿದ ಕ್ಷಣ ನನಗಾದದ್ದು ಕಳ್ಳ ಸಿಕ್ಕಿದಷ್ಟೇ ಸಂತೋಷ. ಹಳೆಯವನ್ನು ಅಳಿಸಿಬಿಡೋಣವೆಂದು ಆಜ್ಞೆಯನ್ನೂ ಟೈಪ್ ಮಾಡಿದ್ದೆ. ಎಂಟರ್ ಒತ್ತುವ ಮೊದಲು ಏಕೋ ಫೋನ್ ಮಾಡಿದೆ.

ಮಾವ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡುತ್ತದೆಯೇ ಎಂದು ಕಾಯುತ್ತಾ ಅಂಗಳದ ಮೂಲೆಯಲ್ಲಿ ನಿಂತಿದ್ದರಂತೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದೂ ಅಲ್ಲಿಯೇ. ನಾನು ವಿಷಯ ಹೇಳಿ ಮುಗಿಸುವಷ್ಟರಲ್ಲಿ, "ಕೈ ಕೀಲಿಮಣೆಯಿಂದ ತೆಗೆ" ಎಂದರು. ಕೋಷ್ಟಕದಲ್ಲಿ ಆಗುವ ಪ್ರತಿ ಬದಲಾವಣೆಯೂ ಮೊದಲು ಆ ಕಡತಗಳಲ್ಲಿ ದಾಖಲಾಗುತ್ತದೆ, ಅಳಿಸುವುದೂ ಒಂದು ಬದಲಾವಣೆಯೇ ಆದ್ದರಿಂದ 60 ಲಕ್ಷ ಅಳಿಸುವಿಕೆಗಳೂ ಅಲ್ಲಿ ಬರೆಯಲ್ಪಟ್ಟಿವೆ, ಯಂತ್ರ ಹಠಾತ್ತನೆ ನಿಂತರೆ ದತ್ತಾಂಶ ಎದ್ದು ಕೂರುವುದು ಅವುಗಳ ಆಧಾರದಿಂದಲೇ. ಆ ಕಡತಕೋಶದ ಹೆಸರು ಮೊದಲು ಪಿಜಿ ಎಕ್ಸ್‌ಲಾಗ್ ಎಂದಿತ್ತಂತೆ. ಲಾಗ್ ಎಂದರೆ ಬೇಡದ ಹಳೆಯ ದಿನವಹಿ ಎಂದುಕೊಂಡು ಜನ ಅಳಿಸಿ ಅಳಿಸಿ ದತ್ತಾಂಶ ಕಳೆದುಕೊಂಡದ್ದರಿಂದಲೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರು ಬದಲಾಯಿಸಿದರಂತೆ. ನನ್ನಂಥವರು ಲೋಕದಲ್ಲಿ ಹಲವರಿದ್ದಾರೆ ಎಂಬ ಸಮಾಧಾನ ಅರ್ಧ ನಿಮಿಷ ಉಳಿಯಿತು.

"ಅಳಿಸಿದ್ದು ಎಲ್ಲಿಗೂ ಹೋಗಿಲ್ಲ. ವ್ಯಾಕ್ಯೂಮ್ ವರ್ಬೋಸ್ ಕೊಟ್ಟು ಅದು ಏನು ಹೇಳುತ್ತದೆ ಓದು."

ಓದಿದೆ. ವ್ಯಾಕ್ಯೂಮ್ ಎಂದರೆ ಅಳಿಸಿದ ಸಾಲುಗಳನ್ನು ಗುಡಿಸುವ ಆಜ್ಞೆ, ವರ್ಬೋಸ್ ಎಂದರೆ ಮಾಡಿದ್ದನ್ನು ವಿವರವಾಗಿ ಹೇಳು ಎಂದು. ತೆಗೆದದ್ದು ಸೊನ್ನೆ, 60 ಲಕ್ಷ ಸಾಲುಗಳು ಸತ್ತಿವೆ, ಆದರೆ ಇನ್ನೂ ತೆಗೆಯುವಂತಿಲ್ಲ. ಅದು ಬಳಸಿರುವ ಮಾತೇ ಹಾಗಿದೆ. ಸತ್ತ ಸಾಲುಗಳು ಕೋಷ್ಟಕದ ಐದನೆಯ ಒಂದು ಪಾಲನ್ನು ದಾಟಿದರೆ ಆಟೋವ್ಯಾಕ್ಯೂಮ್ ತಾನಾಗಿಯೇ ಪೊರಕೆ ಹಿಡಿದು ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಒಂದೂವರೆ ಕೋಟಿಯಲ್ಲಿ 60 ಲಕ್ಷ ಎಂದರೆ ಆ ಮಿತಿಯ ಎರಡರಷ್ಟು. ಹಾಗಾಗಿ ಅದು ಮಧ್ಯಾಹ್ನದಿಂದಲೇ ಬಂದು, ಎಲ್ಲವನ್ನೂ ತಿರುವಿ ನೋಡಿ, ಬರಿಗೈಯಲ್ಲಿ ಹಿಂದಿರುಗಿ, ಮತ್ತೆ ಬರುತ್ತಿತ್ತು. ಅದನ್ನು ತಡೆಯುತ್ತಿರುವವರು ಯಾರು ಎಂದು, ಯಾರು ಏನು ಮಾಡುತ್ತಿದ್ದಾರೆಂದು ತೋರಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯಲ್ಲಿ ನೋಡಿದರೆ ಒಂದೇ ಒಂದು ಸೆಶನ್: ವ್ಯವಹಾರದ (ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ಮುಗಿಯಬೇಕಾದ ಆಜ್ಞೆಗಳ ಗುಂಪು) ನಡುವೆ ಸುಮ್ಮನೆ ಕುಳಿತಿದೆ, ಆರಂಭವಾದದ್ದು ಬೆಳಿಗ್ಗೆ 10:12ಕ್ಕೆ. "ಯಾರಪ್ಪಾ ಈ ಮಹಾನುಭಾವ?" ಎಂದರು ಮಾವ. ಐಪಿ ವಿಳಾಸವನ್ನು ಗಟ್ಟಿಯಾಗಿ ಓದುತ್ತಿದ್ದ ನಾನು ಕೊನೆಯ ಅಂಕಿಗೆ ಬಂದು ನಿಲ್ಲಿಸಿದೆ. ಅದು ನನ್ನ ಯಂತ್ರದ್ದೇ.

ಬೆಳಿಗ್ಗೆ ಬಹಳ ಹುರುಪಿನಿಂದ ಒಂದು ಪ್ರಯೋಗ ಮಾಡಿದ್ದೆ. ಎರಡು ಸಾಲುಗಳ ಪುಟ್ಟ ಕೋಷ್ಟಕ. ಪರದೆಯ ಮೇಲೆ ಅಕ್ಕಪಕ್ಕ ಎರಡು ಕಿಟಕಿಗಳು. ಪ್ರತಿ ಸಾಲಿನಲ್ಲಿಯೂ ನಾವು ಕೇಳದ ಹೊರತು ಕಾಣಿಸಿಕೊಳ್ಳದ ಕಾಲಂಗಳು ಇರುತ್ತವೆ: ಎಕ್ಸ್‌ಮಿನ್ ಎಂದರೆ ಆ ಸಾಲನ್ನು ಹುಟ್ಟಿಸಿದ ವ್ಯವಹಾರದ ಸಂಖ್ಯೆ, ಎಕ್ಸ್‌ಮ್ಯಾಕ್ಸ್ ಎಂದರೆ ಅದನ್ನು ಸಾಯಿಸಿದ ವ್ಯವಹಾರದ್ದು, ಸಿಟಿಐಡಿ ಎಂದರೆ ಅದು ಕುಳಿತಿರುವ ಪುಟ ಮತ್ತು ಸ್ಥಾನ. ಎಡಗಡೆಯ ಕಿಟಕಿಯಲ್ಲಿ ರಿಪೀಟಬಲ್ ರೀಡ್, ಅಂದರೆ ಮೊದಲ ಸಲ ಕಂಡ ಚಿತ್ರವನ್ನೇ ಕೊನೆಯವರೆಗೂ ತೋರಿಸು, ಎಂದು ವ್ಯವಹಾರ ಆರಂಭಿಸಿ ಕೋಷ್ಟಕವನ್ನು ಒಮ್ಮೆ ಓದಿದೆ. ಬಲಗಡೆಯಲ್ಲಿ ಮೊದಲನೆಯ ಸಾಲಿನ ಮೊತ್ತವನ್ನು 500ರಿಂದ 700ಕ್ಕೆ ತಿದ್ದಿದೆ. ಬಲಗಡೆಯಲ್ಲಿ ಸ್ಥಾನ (0,1) ಇದ್ದದ್ದು (0,3) ಆಯಿತು. ತಿದ್ದಿದ್ದೆನೆಂದು ನಾನು ಅಂದುಕೊಂಡಿದ್ದೆ. ಅದು ಹೊಸದಾಗಿ ಬರೆದು ಹಳೆಯದರ ಮೇಲೆ ಗುರುತು ಹಾಕಿತ್ತು ಅಷ್ಟೆ. ಎಡಗಡೆಯಲ್ಲಿ ಎಷ್ಟು ಸಲ ಕೇಳಿದರೂ 500. ನಮ್ಮ ಲೆಡ್ಜರಿನಲ್ಲಿ ತಪ್ಪು ನಮೂದನ್ನು ಒರೆಸದೆ ಅಡ್ಡಗೆರೆ ಎಳೆದು ಕೆಳಗೆ ಹೊಸದನ್ನು ಬರೆಯುತ್ತಿದ್ದೆವಲ್ಲ, ಹಾಗೆಯೇ ಎಂದು ಖುಷಿಪಟ್ಟು, ಎಡಗಡೆಯ ಕಿಟಕಿಯನ್ನು ಕಿರಿದು ಮಾಡಿ, ಕಾಫಿಗೆ ಹೋಗಿದ್ದೆ. ಆ ವ್ಯವಹಾರವನ್ನು ಮುಗಿಸಿರಲಿಲ್ಲ.

ಮಾವ ನಗಲಿಲ್ಲ. ನಕ್ಕಿದ್ದರೆ ಮೇಲಾಗಿತ್ತು. ಇಪ್ಪತ್ತು ವರ್ಷ ಒರಾಕಲ್ ಎಂಬ ಇನ್ನೊಂದು ದತ್ತಾಂಶ ತಂತ್ರಾಂಶವನ್ನು ನೋಡಿಕೊಂಡವರು ಅವರು, ಹೋಲಿಸದೆ ಇರಲಾರರು. ಅಲ್ಲಿ ಸಾಲನ್ನು ಇದ್ದ ಜಾಗದಲ್ಲೇ ತಿದ್ದಿ, ಹಳೆಯ ರೂಪವನ್ನು ಅನ್‌ಡೂ ಎಂಬ ಬೇರೆ ಜಾಗದಲ್ಲಿ ಇಡುತ್ತಾರೆ. ಆ ಜಾಗ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲ್ಪಟ್ಟರೆ, ನಿಧಾನವಾಗಿ ಓದುತ್ತಿರುವವನಿಗೆ ನಿನ್ನ ಚಿತ್ರ ತೀರ ಹಳೆಯದಾಯಿತು ಎಂಬ 01555 ಸಂಖ್ಯೆಯ ದೋಷ ಬರುತ್ತದೆ. "ಅಲ್ಲಿ ತಡಮಾಡಿದವನನ್ನು ಎಲೆಯ ಮುಂದಿನಿಂದ ಎಬ್ಬಿಸುತ್ತಾರೆ ಮಾರಾಯ. ಇಲ್ಲಿ ಹಾಗಲ್ಲ, ಒಬ್ಬ ಇನ್ನೂ ಉಣ್ಣುತ್ತಿದ್ದಾನೆ ಎಂದರೆ ಪಂಕ್ತಿಯ ಒಂದು ಎಲೆಯನ್ನೂ ಎತ್ತುವ ಹಾಗಿಲ್ಲ. ಅವನು ಉಣ್ಣುತ್ತಿದ್ದಾನೋ, ಕೂತಲ್ಲಿಯೇ ನಿದ್ದೆ ಮಾಡುತ್ತಿದ್ದಾನೋ ಅದಕ್ಕೆ ಬೇಕಾಗಿಲ್ಲ." ನಾನು ಎರಡು ಸಾಲಿನ ಕೋಷ್ಟಕವನ್ನು ಮಾತ್ರ ಓದಿದ್ದೆ, ಲಾಗಿನ್ ದಾಖಲೆಗಳ ಕೋಷ್ಟಕದ ಕಡೆಗೆ ತಲೆ ಹಾಕಿಯೂ ಮಲಗಿರಲಿಲ್ಲ ಎಂದು ವಾದಿಸಿದೆ. ನೀನು ಮುಂದೆ ಯಾವುದನ್ನು ಕೇಳುತ್ತೀಯೆಂದು ಅದಕ್ಕೆ ಹೇಗೆ ಗೊತ್ತಾಗಬೇಕು ಎಂದರು. 10:12ರ ಲೋಕವನ್ನು ನನಗೆ ಯಾವಾಗ ಬೇಕಾದರೂ ತೋರಿಸುತ್ತೇನೆಂದು ಅದು ಮಾತು ಕೊಟ್ಟಿತ್ತು. ಆ ಮಾತಿಗಾಗಿ 60 ಲಕ್ಷ ಹೆಣಗಳನ್ನು ಹೊತ್ತು ನಿಂತಿತ್ತು. 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಇದರ ಪೂರ್ವರೂಪವನ್ನು ಕಟ್ಟಲು ಹೊರಟಾಗ ಹಳೆಯ ರೂಪಗಳನ್ನು ಉಳಿಸಿಕೊಂಡು ಹಿಂದಿನ ಕಾಲಕ್ಕೇ ಹೋಗಿ ನೋಡುವ ಸೌಲಭ್ಯ ಅವರ ಯೋಜನೆಯಲ್ಲಿತ್ತಂತೆ. ಮುಂದೆ ಆ ಸೌಲಭ್ಯವನ್ನು ತೆಗೆದುಹಾಕಿದರು, ಒರೆಸದೆ ಬರೆಯುವ ಅಭ್ಯಾಸ ಮಾತ್ರ ಉಳಿಯಿತು. ಹೀಗೆನ್ನುವಾಗ ಮಳೆ ಜೋರಾಗಿ ಫೋನ್ ಕಡಿಯಿತು.

ಎಡಗಡೆಯ ಕಿಟಕಿಯನ್ನು ಮತ್ತೆ ತೆರೆದು ರೋಲ್‌ಬ್ಯಾಕ್ ಎಂದು ಆ ವ್ಯವಹಾರವನ್ನು ಮುಗಿಸಿದೆ. ವ್ಯಾಕ್ಯೂಮ್ ಮತ್ತೊಮ್ಮೆ ಓಡಿತು. 60 ಲಕ್ಷವೂ ತೆಗೆಯಲ್ಪಟ್ಟವು. ಡಿಸ್ಕ್ ನೋಡಿದೆ: 3 ಜಿಬಿ!

ಆಗ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಸಾಮಾನ್ಯ ವ್ಯಾಕ್ಯೂಮ್ ಖಾಲಿಯಾದ ಜಾಗವನ್ನು ಕೋಷ್ಟಕದ ಒಳಗೇ ಮರುಬಳಕೆಗೆ ಬಿಡುತ್ತದೆಯೇ ಹೊರತು ಆಪರೇಟಿಂಗ್ ಸಿಸ್ಟಮ್‌ಗೆ ಹಿಂದಿರುಗಿಸುವುದಿಲ್ಲ. ಕಡತದ ಬಾಲದಲ್ಲಿರುವ ಪುಟಗಳು ಪೂರ್ತಿ ಖಾಲಿಯಿದ್ದರೆ ಮಾತ್ರ ಅಷ್ಟನ್ನು ಕತ್ತರಿಸುತ್ತದೆ. ನಾನು ಅಳಿಸಿದ್ದು ಹಳೆಯ ವರ್ಷಗಳನ್ನು, ಅವು ಇದ್ದದ್ದು ಕಡತದ ತಲೆಯ ಕಡೆ. ಜಾಗ ನಿಜವಾಗಿ ಹಿಂದಕ್ಕೆ ಬರಬೇಕಾದರೆ ವ್ಯಾಕ್ಯೂಮ್ ಫುಲ್ ಮಾಡಬೇಕು. ಅದು ಉಳಿದ 90 ಲಕ್ಷ ಸಾಲುಗಳನ್ನು ಹೊಸ ಕಡತಕ್ಕೆ ಬರೆದ ನಂತರವೇ ಹಳೆಯದನ್ನು ಬಿಡುತ್ತದೆ, ಅಷ್ಟು ಹೊತ್ತೂ ಆ ಕೋಷ್ಟಕವನ್ನು ಓದಲು ಕೂಡ ಯಾರಿಗೂ ಬಿಡುವುದಿಲ್ಲ. ಹೊಸ ಕಡತಕ್ಕೆ ನಾಲ್ಕೂವರೆ ಜಿಬಿ ಬೇಕು, ನನ್ನಲ್ಲಿರುವುದು 3. ಜಾಗ ಪಡೆಯಲು ಜಾಗ ಬೇಕು, ಸಾಲಕ್ಕೆ ಅಡಮಾನ ಕೇಳಿದ ಹಾಗೆ. ವರ್ಷಕ್ಕೊಂದರಂತೆ ವಿಭಾಗ ಮಾಡಿಟ್ಟಿದ್ದರೆ ಹಳೆಯ ವರ್ಷದ ವಿಭಾಗವನ್ನೇ ಡ್ರಾಪ್ ಮಾಡಿ ಕಡತವನ್ನು ಒಂದೇ ಏಟಿಗೆ ತೆಗೆಯಬಹುದಿತ್ತು ಎಂಬುದನ್ನು ಈಗ ಓದಿ ಏನು ಪ್ರಯೋಜನ? ನಾಳೆ ಹನ್ನೊಂದಕ್ಕೆ ಸಾಹೇಬರು ಕೇಳುವುದು ಒಂದೇ ಪ್ರಶ್ನೆ, ಎಷ್ಟು ಜಿಬಿ ಉಳಿಯಿತು ಎಂದು.

ಒಂದು ಕೆಲಸವನ್ನಂತೂ ಮಾಡಿದ್ದೇನೆ. ವ್ಯವಹಾರದ ನಡುವೆ ಸುಮ್ಮನೆ ಕುಳಿತವರನ್ನು ಹೊರಹಾಕುವ ಕಾಲಮಿತಿಯೊಂದು 9.6ನೇ ಆವೃತ್ತಿಯಿಂದಲೂ ಇದೆ. ಪೂರ್ವನಿಯೋಜಿತವಾಗಿ ಅದು ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದರ್ಥ. ಎಲ್ಲರಿಗೂ ಹಾಕುವ ಧೈರ್ಯ ಬರಲಿಲ್ಲ. ನನ್ನ ಹೆಸರಿಗೆ ಮಾತ್ರ ಹತ್ತು ನಿಮಿಷ ಹಾಕಿದೆ.

ದೀಪ ಆರಿಸಿದ ಮೇಲೆ ಇನ್ನೊಂದು ಹೊಳೆದು ಮತ್ತೆ ಎದ್ದು ಬರೆಯುತ್ತಿದ್ದೇನೆ. ಪಿಜಿ ಡಂಪ್ ಬ್ಯಾಕಪ್ ತೆಗೆಯುವುದೂ ರಿಪೀಟಬಲ್ ರೀಡ್‌ನಲ್ಲಿಯೇ. ಆರಂಭವಾದ ಕ್ಷಣದ ಚಿತ್ರವನ್ನು ಅದು ಕೊನೆಯವರೆಗೂ ಹಿಡಿದಿರುತ್ತದೆ. ಅದು ಸುಮ್ಮನೆ ಕುಳಿತಿರದೆ ಉಣ್ಣುತ್ತಲೇ ಇರುವುದರಿಂದ ಹತ್ತು ನಿಮಿಷದ ಮಿತಿ ಅದಕ್ಕೆ ತಾಗುವುದಿಲ್ಲ. ನಿಜವಾದ ಸರ್ವರಿನಲ್ಲಿ ಅದು ಒಂದು ಗಂಟೆಗೆ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ನಾನು ಒಮ್ಮೆಯೂ ನೋಡಿಲ್ಲ. ತಾತ್ಕಾಲಿಕ ಕೋಷ್ಟಕಗಳನ್ನು ಅಳಿಸಿ ತುಂಬುವ ಕೆಲಸ ಇರುವುದು ಎರಡು ಗಂಟೆಗೆ. ಅಷ್ಟು ಹೊತ್ತಿಗೂ ಡಂಪ್ ಎಲೆಯ ಮುಂದಿನಿಂದ ಎದ್ದಿರದಿದ್ದರೆ