ಚೋಪ್ತಾ, ತುಂಗನಾಥ, ಚಂದ್ರಶಿಲಾ: ಹಿಮ ಗಟ್ಟಿಯಿರುವಾಗಲೇ ಹತ್ತಿ

ಏಪ್ರಿಲ್ ಕೊನೆಯ ವಾರ ಉತ್ತರಾಖಂಡದ ಚೋಪ್ತಾಕ್ಕೆ ಹೊರಟಾಗ, ಹಿಮವೆಲ್ಲ ಕರಗಿ ಬರೀ ಕಲ್ಲುಹಾಸಿನ ದಾರಿ ಉಳಿದಿರುತ್ತದೆ ಎಂದೇ ನಾನೂ ಭಾವನೂ ನಂಬಿದ್ದೆವು. ಕುಮಾರಪರ್ವತ ಎರಡು ಸಲ ಹತ್ತಿದವರೆಂಬ ಗತ್ತು ಬೇರೆ. ಚೋಪ್ತಾದಿಂದ ತುಂಗನಾಥ ದೇವಸ್ಥಾನಕ್ಕೆ ನಾಲ್ಕು ಕಿಲೋಮೀಟರೂ ಇಲ್ಲ, ಅದೇನು ಮಹಾ?

ಎತ್ತರದ ಲೆಕ್ಕ ಹಾಕಿರಲಿಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಜೀಪು ಇಳಿಯುವ ಚೋಪ್ತಾವೇ ಸುಮಾರು 2,680. ಅಲ್ಲಿಂದ ತುಂಗನಾಥಕ್ಕೆ ಇನ್ನೊಂದು ಸಾವಿರ ಮೀಟರ್ ಏರು. ಅದರ ಮೇಲೆ ಒಂದೂವರೆ ಕಿಲೋಮೀಟರ್ ದೂರದ ಚಂದ್ರಶಿಲಾ ಶಿಖರ, ಹತ್ತಿರ ಹತ್ತಿರ 4,000.

ಹೋಗುವ ದಾರಿ ಸುಲಭ. ಡೆಹ್ರಾಡೂನ್‌ಗೆ ವಿಮಾನ, ಹೃಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗದ ಮೇಲೆ ಊಖೀಮಠ. ಇಡೀ ದಿನದ ಪ್ರಯಾಣ. ರಾತ್ರಿ ಊಖೀಮಠದಲ್ಲೇ ತಂಗಿ, ಬೇಕಾದ ನಗದನ್ನೂ ಅಲ್ಲೇ ತೆಗೆದುಕೊಳ್ಳಿ. ಕೇದಾರನಾಥನ ಉತ್ಸವಮೂರ್ತಿ ಚಳಿಗಾಲ ಕಳೆಯುವುದು ಇಲ್ಲಿಯೇ. ಅಲ್ಲಿನ ರಾವಲರು, ಎಂದರೆ ಮುಖ್ಯ ಧರ್ಮಗುರುಗಳು, ನಮ್ಮ ಕಡೆಯ ವೀರಶೈವ ಪರಂಪರೆಯವರು, ಹಾಗಾಗಿ ಮಠದ ಅಂಗಳದಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆರಗಾಗಬೇಡಿ.

ಮೊದಲ ದಿನ ಪರಾಠಾ ತಿಂದು, ಎರಡೆರಡು ಸಲ ಚಹಾ ಕುಡಿದು, ಚೋಪ್ತಾದಿಂದ ಹತ್ತಕ್ಕೆ ಹೊರಟೆವು. ಆರಂಭವೇನೋ ಚೆನ್ನಾಗಿತ್ತು, ಬುರಾಂಶ್ ಮರಗಳ ಕೆಂಪು ಹೂ ದಾರಿಗೆಲ್ಲ ಉದುರಿತ್ತು. ಆಮೇಲೆ ದಾರಿ ನೆರಳಿನ ಕಣಿವೆಯೊಂದಕ್ಕೆ ತಿರುಗಿತು, ಕಲ್ಲುಹಾಸು ಹಿಮದಡಿ ಮಾಯವಾಯಿತು. ಹನ್ನೊಂದೂವರೆಯ ಹಿಮ ಎಂದರೆ ನೀರು ಬಿಟ್ಟ ಸಕ್ಕರೆ. ದೊಡ್ಡ ಬಂಡೆಯೊಂದರ ಪಕ್ಕ ಭಾವನ ಎಡಗಾಲು ತೊಡೆಯವರೆಗೆ ಕುಸಿಯಿತು. ಒಳಗೆಲ್ಲೋ ನೀರು ಜುಳುಜುಳು ಹರಿಯುವುದು ಕೇಳಿಸುತ್ತಿತ್ತು. "ಭಾವ, ಅಲ್ಲಾಡಬೇಡಿ" ಎಂದು ಎರಡೂ ಕಂಕುಳಿಗೆ ಕೈಕೊಟ್ಟು ಎಳೆದೆ. ಕಾಲು ಬಂತು, ಬೂಟು ಬರಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಹೆಗಲವರೆಗೆ ಕೈ ಇಳಿಸಿ ಅದನ್ನು ಕಿತ್ತು ತೆಗೆಯುವ ಹೊತ್ತಿಗೆ ನನ್ನ ಬೆರಳುಗಳು ನನ್ನವಾಗಿ ಉಳಿದಿರಲಿಲ್ಲ. ಭಾವನದು ಹತ್ತಿಯ ಕಾಲುಚೀಲ. ಹಿಂಡಿದರೆ ಲೋಟ ತುಂಬುತ್ತಿತ್ತು. ಅಲ್ಲಿಂದಲೇ ವಾಪಸ್ಸು.

ಸಂಜೆ ಚಹಾದಂಗಡಿಯವನು ನಕ್ಕ. "ಸಾಬ್, ಬಂಡೆ ಬಿಸಿಲಿಗೆ ಕಾಯುತ್ತದೆ, ಸುತ್ತಲಿನ ಹಿಮ ಒಳಗಿಂದ ಕರಗಿ ಟೊಳ್ಳಾಗುತ್ತದೆ. ಬಂಡೆ, ಪೊದೆ ಕಂಡರೆ ದೂರ ನಡೆಯಿರಿ. ಕತ್ತಲಲ್ಲಿ ಹೊರಡಿ, ಹತ್ತಕ್ಕೆಲ್ಲ ಇಳಿದುಬಿಡಿ."

ಮರುದಿನ ನಾಲ್ಕಕ್ಕೆ, ತಲೆಗೆ ಟಾರ್ಚ್ ಕಟ್ಟಿ, ಸ್ಥಳೀಯ ಗೈಡ್ ಒಬ್ಬರ ಹಿಂದೆ ಹೊರಟೆವು. ಅದೇ ಹಿಮ ಈಗ ಕಲ್ಲಿನಂತೆ ಗಟ್ಟಿ, ಗಾಜಿನಂತೆ ಜಾರು. ಸಾದಾ ಬೂಟು ಇಲ್ಲಿ ನಿಲ್ಲುವುದಿಲ್ಲ. ಬೂಟಿಗೆ ತೊಡಿಸುವ ಮುಳ್ಳಿನ ಪಟ್ಟಿ ಚೋಪ್ತಾದಲ್ಲೇ ಬಾಡಿಗೆಗೆ ಸಿಗುತ್ತದೆ, ಹಿಂದಿನ ಸಂಜೆಯೇ ಹಾಕಿ ನೋಡಿ. ನಮಗೆ ಕೊಟ್ಟ ಒಂದು ಜೋಡಿಯ ರಬ್ಬರ್ ಹರಿಯುವಂತಿತ್ತು, ಬದಲಿಸಿಕೊಂಡೆವು. ಇಳಿಜಾರನ್ನು ಅಡ್ಡ ದಾಟುವಲ್ಲಿ ಮೇಲುಬದಿಯ ಕೈಯಲ್ಲಿ ಕೋಲಿರಲಿ, ಹೆಜ್ಜೆ ಚಿಕ್ಕದಿರಲಿ. ಕೆಲವರು ಕೂತು ಜಾರಿದ ಗುರುತುಗಳಿದ್ದವು. ಮೋಜೇ, ಕೆಳಗೆ ಬಂಡೆ ಸಿಗುವವರೆಗೆ.

ಆರೂವರೆಗೆ ತುಂಗನಾಥ. ಪಂಚಕೇದಾರ ಎನ್ನುವ ಐದು ಶಿವಕ್ಷೇತ್ರಗಳಲ್ಲಿ ಅತಿ ಎತ್ತರದ್ದು. ಬಾಗಿಲು ಇನ್ನೂ ತೆರೆದಿರಲಿಲ್ಲ. ದೇವರು ಕೆಳಗೆ ಚಳಿಗಾಲದ ನೆಲೆಯಾದ ಮಕ್ಕೂಮಠದಲ್ಲೇ ಇದ್ದ. ತೆರೆಯುವ ದಿನವನ್ನು ಏಪ್ರಿಲ್ ಮಧ್ಯದ ಬೈಸಾಖಿ ಹಬ್ಬದಂದು ಗೊತ್ತುಮಾಡುತ್ತಾರೆ, ದರ್ಶನ ಬೇಕಿದ್ದವರು ಅದನ್ನು ನೋಡಿಕೊಂಡೇ ಟಿಕೆಟ್ ಮಾಡಿ. ಅದಕ್ಕೂ ಮುಂಚೆ ಹೋದರೆ ದಾರಿಯ ಅಂಗಡಿಗಳೂ ಮುಚ್ಚಿರುತ್ತವೆ, ಬುತ್ತಿ ಕಟ್ಟಿಕೊಳ್ಳಬೇಕು.

ಚಂದ್ರಶಿಲೆಯ ಕೊನೆಯ ಏರು ಉಸಿರು ಕಸಿಯಿತು. ತಲೆ ಸಿಡಿದರೆ, ಓಕರಿಕೆ ಬಂದರೆ ಹಟ ಮಾಡದೆ ಇಳಿಯಿರಿ. ಮೇಲೆ ನಂದಾದೇವಿ, ತ್ರಿಶೂಲ, ಚೌಖಂಬಾ ಎಲ್ಲವೂ ಸಿಕ್ಕವು. ಫೋಟೋಗಳಲ್ಲಿ ನೋಡಿಯೇ ಇರುತ್ತೀರಿ, ವರ್ಣಿಸುವುದಿಲ್ಲ.

ಕಪ್ಪು ಕನ್ನಡಕ ಮರೆಯಬೇಡಿ. ಹಿಮದ ಬಿಸಿಲು ಕೆಳಗಿನಿಂದಲೂ ಸುಡುತ್ತದೆ: ನನ್ನ ಮೂಗಿನ ಅಡಿಭಾಗ, ಗಲ್ಲದ ಕೆಳಗಿನ ಚರ್ಮ ಎರಡೂ ಸುಲಿದವು. ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಹತ್ತಕ್ಕೆ ಕೆಳಗಿದ್ದೆವು, ಎರಡಕ್ಕೆ ಆಲಿಕಲ್ಲು ಸುರಿಯಿತು. ಬಾಡಿಗೆ ಬೂಟು ಹಿಂತಿರುಗಿಸಿದ ಭಾವ, ಒಲೆಯ ಪಕ್ಕ ರಾತ್ರಿಯೆಲ್ಲ ಇಟ್ಟರೂ ಒಣಗದ ತಮ್ಮ ಬೂಟನ್ನು ರುದ್ರಪ್ರಯಾಗದವರೆಗೂ ಜೀಪಿನ ಕಿಟಕಿಯಾಚೆ ಹಿಡಿದುಕೊಂಡೇ ಬಂದರು.