ಫಾರಂ ಎಫ್ ತುಂಬುವುದು ಕೌಂಟರ್‌ನವರ ಕೆಲಸವಲ್ಲ

ನಾನು ರೇಡಿಯಾಲಜಿಸ್ಟ್. ಹಳೇ ಮೈಸೂರು ಭಾಗದ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲೇ ಕೆಲಸ ಮಾಡಿಕೊಂಡು ಬಂದವನು. ಹೊಸದಾಗಿ ಸೇರುವ ಕಿರಿಯ ವೈದ್ಯರಿಗೆ ಮೊದಲ ದಿನವೇ ಹೇಳುತ್ತೇನೆ: ಗರ್ಭಿಣಿಯ ಸ್ಕ್ಯಾನ್‌ಗೆ ಕಾನೂನಿನಂತೆ ಇಡಬೇಕಾದ ದಾಖಲೆ ಫಾರಂ ಎಫ್, ಅದನ್ನು ನೀವೇ ಓದಿ, ನೀವೇ ಸಹಿ ಹಾಕಿ, ಅದೂ ಸ್ಕ್ಯಾನ್ ಮಾಡಿದಾಗಲೇ.

ಹಿಂದೆ ನಾನಿದ್ದ ಒಂದು ಕಡೆ, ಖಾಲಿ ಫಾರಂಗಳ ಕಟ್ಟಿಗೆ ವೈದ್ಯರು ಮೊದಲೇ ಸಹಿ ಹಾಕಿಟ್ಟು ಹೋಗುತ್ತಿದ್ದರು. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಸರ್ಕಾರದ ಅಧಿಕಾರಿಗಳಿಗೆ ವರದಿ ಹೋಗಬೇಕಲ್ಲ, ಅದರ ಹಿಂದಿನ ಸಂಜೆ ಕೌಂಟರ್‌ನ ಹುಡುಗಿಯರು ಕೂತು, ಬಿಟ್ಟುಹೋದ ಕಾಲಂಗಳನ್ನು ಅಂದಾಜಿನ ಮೇಲೆ ತುಂಬುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದವರು ಫಾರಂಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಬ್ಬಳೇ ಗರ್ಭಿಣಿಗೆ ಒಂದರಲ್ಲಿ ಎರಡು ಹೆಣ್ಣು ಮಕ್ಕಳು, ಇನ್ನೊಂದರಲ್ಲಿ ಮಕ್ಕಳೇ ಇಲ್ಲ! ಯಂತ್ರಕ್ಕೆ ಸೀಲ್ ಬಿತ್ತು. 'ನಾವು ಯಾರಿಗೂ ಲಿಂಗ ಹೇಳಿಲ್ಲವಲ್ಲ' ಎಂದು ವೈದ್ಯರು ವಾದಿಸಿದರು. ಅದು ನಿಜವೇ ಇರಬಹುದು. ಆದರೆ ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ದಾಖಲೆಯ ಕೊರತೆಯನ್ನೇ ಉಲ್ಲಂಘನೆ ಎಂದು ಎಣಿಸುತ್ತದೆ; ಅಲ್ಲವೆಂದು ಸಾಬೀತು ಮಾಡುವ ಹೊಣೆ ಸ್ಕ್ಯಾನ್ ಮಾಡಿದವರದು. ಬರವಣಿಗೆಯ ತಪ್ಪನ್ನು ಅಪರಾಧ ಎನ್ನಬಾರದೆಂದು ಪ್ರಸೂತಿ ತಜ್ಞರ ರಾಷ್ಟ್ರೀಯ ಒಕ್ಕೂಟ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2019ರಲ್ಲಿ ಕೋರ್ಟ್ ಒಪ್ಪಲಿಲ್ಲ. ಶಿಕ್ಷೆ 3 ವರ್ಷದವರೆಗೆ ಜೈಲು. ಜೊತೆಗೆ ಮೊದಲ ಅಪರಾಧಕ್ಕೇ ವೈದ್ಯಕೀಯ ಪರಿಷತ್ತಿನ ನೋಂದಣಿಯಿಂದ 5 ವರ್ಷ ಹೆಸರು ಹೋಗುತ್ತದೆ.

ಸಹೋದ್ಯೋಗಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಫೋನ್ ನಂಬರ್ ಬಿಟ್ಟುಹೋಗಿದ್ದಕ್ಕೂ ಲಿಂಗ ಪತ್ತೆಗೂ ಒಂದೇ ತಕ್ಕಡಿಯೇ ಎಂದು ಕೇಳುತ್ತಾರೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಲಿಂಗ ಪತ್ತೆಗೆ ಕದ್ದು ಸ್ಕ್ಯಾನ್ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಈ ಮಾತು ಇನ್ನೂ ಜೋರಾಯಿತು: ಕಳ್ಳರು ಫಾರಂ ತುಂಬುತ್ತಾರೆಯೇ, ಸಿಕ್ಕಿಹಾಕಿಕೊಳ್ಳುವುದು ನಾವಲ್ಲವೇ?

ನಾನು ಒಪ್ಪುವುದಿಲ್ಲ. ಆ ಫಾರಂನಲ್ಲಿ ಏನೇನಿದೆ ನೋಡಿ. ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು, ಎಷ್ಟು ವಾರದ ಗರ್ಭ, ಯಾರು ಕಳಿಸಿದರು, ಯಾವ ಕಾರಣಕ್ಕೆ ಸ್ಕ್ಯಾನ್. ಇಬ್ಬರು ಹೆಣ್ಣು ಮಕ್ಕಳ ತಾಯಿ 12 ವಾರಕ್ಕೆ ಬಂದವಳು ಮುಂದಿನ ಸ್ಕ್ಯಾನ್‌ಗೆ ಎಲ್ಲೂ ಬರಲೇ ಇಲ್ಲ ಎಂದಾದರೆ, ಆಕೆಯ ಮನೆಗೆ ಹೋಗಿ ವಿಚಾರಿಸಲು ಆಶಾ ಕಾರ್ಯಕರ್ತೆಗೆ ಒಂದು ಸುಳಿವು ಬೇಕು. ಆ ಸುಳಿವು ನಮ್ಮ ಕಾಗದದಲ್ಲೇ ಇರುವುದು. ಅದನ್ನು ಅಂದಾಜಿನ ಮೇಲೆ ತುಂಬಿದರೆ ಆಲೆಮನೆಯವರಿಗೆ ನಾವೇ ದಾರಿ ಬಿಟ್ಟಂತೆ. ನನಗೆ ಸಂಕಟವಾಗುವುದು ಇಲ್ಲೇ.

ಇನ್ನು ಕೇಳುವವರ ವಿಷಯ. 'ಎರಡೂ ಹೆಣ್ಣೇ ಆಗ್ಬುಟ್ವು ಸ್ವಾಮಿ, ಇದೊಂದ್ ಏನು ಅಂತ ಹೇಳ್ಬುಡಿ' ಎಂದು ಕೈಮುಗಿಯುವ ಅತ್ತೆಯಂದಿರಿದ್ದಾರೆ. 'ಬಾಯಿ ಬಿಡ್ಬೇಡಿ ಸಾರ್, ತಲೆ ಆಡ್ಸಿ ಸಾಕು' ಎನ್ನುವ ಗಂಡಂದಿರೂ ಇದ್ದಾರೆ. ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಹೇಳಕೂಡದು ಎಂದು ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ಕರುಣೆಯಿಂದ ಆಡಿಸಿದ ತಲೆಯೂ ಅಪರಾಧವೇ.

ಅಂಥ ಮನೆಯವರು ಬಂದಾಗ ನಾನು ಸ್ಕ್ಯಾನ್ ಮುಗಿಸಿ, ಅವರನ್ನು ಹೊರಗೆ ಕೂರಿಸಿ, ಆಕೆಯೊಬ್ಬಳನ್ನೇ ಮಾತಾಡಿಸುತ್ತೇನೆ. ಒತ್ತಾಯಕ್ಕೆ ಸಿಕ್ಕ ಹೆಂಗಸಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಗಂಡನೋ ಸಂಬಂಧಿಕರೋ ಬಲವಂತ ಮಾಡಿದ್ದಾರೆಂದೇ ಕೋರ್ಟ್ ಮೊದಲು ಭಾವಿಸಬೇಕು ಎನ್ನುತ್ತದೆ 24ನೇ ಸೆಕ್ಷನ್. ಬಹಳ ಹೆಂಗಸರಿಗೆ ಇದು ಗೊತ್ತೇ ಇರುವುದಿಲ್ಲ. ತಾವೂ ಜೈಲಿಗೆ ಹೋಗಬೇಕೇನೋ ಎಂದು ಹೆದರಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಹಾಗಲ್ಲಮ್ಮಾ ಎಂದು ಹೇಳಿ, 181 ಮಹಿಳಾ ಸಹಾಯವಾಣಿಯ ನಂಬರನ್ನು ಬರೆದುಕೊಡುತ್ತೇನೆ.