ಪಾಸ್ತಾ ಜಾಗದಲ್ಲಿ ಕಾಯಿ-ಕುಂಬಳದ ಎಳೆ: ನೀರಿನ ಲೆಕ್ಕ

ಡೊಂಬಿವಲಿ, ಭಾನುವಾರ, 13 ಜುಲೈ 2025

ಪಾಸ್ತಾ ಬೇಯುವಾಗ ನೀರು ಕುಡಿಯುತ್ತದೆ. ಸೋರೆ, ಕುಂಬಳದ ಜಾತಿಯ ಕಾಯಿ ಬೇಯುವಾಗ ನೀರು ಬಿಡುತ್ತದೆ. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ಅಡುಗೆ ಆದ ಹಾಗೆ. ಇದನ್ನು ಮರೆತು, ಕಾಯಿಯ ಎಳೆಯನ್ನೂ ಪಾಸ್ತಾ ಥರವೇ ಕುದಿಯುವ ಉಪ್ಪುನೀರಿಗೆ ಹಾಕಿ, ಬಸಿದು, ಮೇಲೆ ಸಾಸ್ ಸುರಿದರೆ ಐದು ನಿಮಿಷದಲ್ಲಿ ತಟ್ಟೆಯ ತಳದಲ್ಲಿ ಕೆಂಪು ತಿಳಿಸಾರು ನಿಂತಿರುತ್ತದೆ. ಆಮೇಲೆ ಬೈಗುಳ ಕಾಯಿಗೆ.

ಪಾಸ್ತಾ ಬಿಟ್ಟು ಕಾಯಿಯ ಎಳೆ ತಿನ್ನುವುದು ಕಾರ್ಬ್, ಅಂದರೆ ಕಾರ್ಬೋಹೈಡ್ರೇಟ್, ಕಡಿಮೆ ಮಾಡಲೆಂದು. ಮೊದಲು ಅದರ ಲೆಕ್ಕ ಮುಗಿಸಿಬಿಡೋಣ. ಒಣ ಪಾಸ್ತಾ 75 ಗ್ರಾಂ ಒಬ್ಬರಿಗೆ ಒಂದು ಹೊತ್ತಿನ ಅಳತೆ. ಅದರಲ್ಲಿ ಸುಮಾರು 55 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದೇ ತಟ್ಟೆ ತುಂಬಲು 250 ಗ್ರಾಂ ಕಾಯಿ ಬೇಕು ಎಂದಿಟ್ಟುಕೊಂಡರೆ ಜುಕಿನಿ, ಸೋರೆಕಾಯಿಯಲ್ಲಿ 8 ಗ್ರಾಂ ಆಸುಪಾಸು, ಸೀಮೆಬದನೆಯಲ್ಲಿ 11, ಬೆಂದರೆ ತಿರುಳು ತಾನೇ ಎಳೆಯಾಗಿ ಬಿಡುವ ಹಳದಿ ಕುಂಬಳ ಸ್ಪಗೆಟಿ ಸ್ಕ್ವಾಶಿನಲ್ಲಿ 16. ಬಟರ್‌ನಟ್ ಎಂದು ಮಾರುವ ಉದ್ದ ಕುತ್ತಿಗೆಯ ಕುಂಬಳದಲ್ಲಿ ಮಾತ್ರ 29 ಗ್ರಾಂವರೆಗೆ ಹೋಗುತ್ತದೆ. ರುಚಿಗೆ ಅದು ಎಲ್ಲಕ್ಕಿಂತ ಮೇಲು, ಆದರೆ ಕಾರ್ಬ್ ಕಡಿಮೆ ಮಾಡಲೆಂದೇ ಹೊರಟವರು ಅದನ್ನು ಎರಡನೇ ಸಾಲಿನಲ್ಲಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಕಾರ್ಬನ್ನು ಏಕಾಏಕಿ ಇಷ್ಟು ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಡಾಕ್ಟರಿಗೆ ಹೇಳಿ ಔಷಧದ ಪ್ರಮಾಣ ಸರಿಮಾಡಿಕೊಂಡೇ ಶುರುಮಾಡಬೇಕು.

ಈಗ ಕಾಯಿಯ ವಿಷಯ. ಸ್ಪಗೆಟಿ ಸ್ಕ್ವಾಶ್ ಮುಂಬಯಿಯಲ್ಲಿ ಕೇಳಿದ ದಿನ ಸಿಗುವ ಮಾಲಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲೋ ಬಾಂದ್ರಾದ ಪಾಲಿ ಮಾರ್ಕೆಟ್ಟಿನಲ್ಲೋ ವಿದೇಶಿ ತರಕಾರಿ ಇಡುವವರಿಗೆ ಮೊದಲೇ ಹೇಳಿಡಬೇಕು. ಹಳದಿ ಖರ್ಬೂಜವನ್ನು ಇದೇ ಎಂದು ತಂದು ಮೋಸಹೋಗುವುದು ಸುಲಭ, ಎರಡೂ ಅದೇ ಬಣ್ಣ, ಅದೇ ಅಂಡಾಕಾರ. ತೊಟ್ಟು ನೋಡಿ: ಸ್ಕ್ವಾಶಿನ ತೊಟ್ಟು ಗಟ್ಟಿ ಮರದಂತೆ, ಏಣೇಣಾಗಿ ಐದು ಮೂಲೆ ಇರುತ್ತದೆ. ಸಿಪ್ಪೆಗೆ ಉಗುರು ಇಳಿಯಬಾರದು. ಮೂಸಿದರೆ ಸಿಹಿ ವಾಸನೆ ಬಂದರೆ ಅದು ಖರ್ಬೂಜ, ಹಣ್ಣು ಎಂದೇ ತಿನ್ನಿ.

ಜುಕಿನಿ ಎಲ್ಲೆಡೆ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ತೊಟ್ಟಿನ ಬುಡದಲ್ಲಿ ಲೋಳೆ ಕಟ್ಟಿರುತ್ತದೆ, ಕೊಳ್ಳುವ ಮುಂಚೆ ಬೆರಳಿಟ್ಟು ನೋಡಬೇಕು. 200 ಗ್ರಾಂ ಒಳಗಿನದೇ ಸರಿ. ದೊಡ್ಡದಾದಷ್ಟೂ ನಡುವೆ ಬೀಜ, ಬೀಜದ ಸುತ್ತ ನೀರು.

ದಿನನಿತ್ಯಕ್ಕೆ ನನ್ನ ಓಟು ಸೀಮೆಬದನೆಗೆ. ಮಾಟುಂಗಾ ಸ್ಟೇಷನ್ ಹತ್ತಿರದ ತರಕಾರಿ ಗಲ್ಲಿಯಲ್ಲಿ ಚೌಚೌ ಎಂದರೆ ಎತ್ತಿಕೊಡುತ್ತಾರೆ. ಜುಕಿನಿಗಿಂತ ಅಗ್ಗ, ನಡುವೆ ಒಂದೇ ಬೀಜ, ಬೆಂದ ಮೇಲೂ ಎಳೆ ಗರಿಗರಿಯಾಗಿ ನಿಲ್ಲುತ್ತದೆ. ಮೆನುಕಾರ್ಡಿನಲ್ಲಿ ಜುಕಿನಿಗೆ ಇರುವ ಮರ್ಯಾದೆ ಇದಕ್ಕಿಲ್ಲ, ಅಷ್ಟೇ. ಸಿಪ್ಪೆ ಹೆರೆಯುವಾಗ ಬರುವ ಸೊನೆ ಕೈಗೆ ಅಂಟಿ ಬಿಗಿದ ಹಾಗಾಗುತ್ತದೆ, ಕೆಲವರಿಗೆ ಕೈಯ ಚರ್ಮವೂ ಸುಲಿಯುತ್ತದೆ. ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು, ಇಲ್ಲವೇ ನಲ್ಲಿ ನೀರಿನ ಕೆಳಗೆ ಹಿಡಿದು ಹೆರೆದರೆ ಆ ತಾಪತ್ರಯ ಇರುವುದಿಲ್ಲ.

ಸೋರೆಕಾಯಿ ಬೇಕಾದರೆ ಮರಾಠಿಯಲ್ಲಿ ‘ಕೋವಳಾ ದೂಧಿ’ ಎಂದೇ ಕೇಳಿ ಎಳೆಯದನ್ನು ತನ್ನಿ. ಉಗುರು ಒತ್ತಿದರೆ ಸುಲಭವಾಗಿ ಇಳಿಯಬೇಕು, ಇಡೀ ಕಾಯಿ ಒಂದೇ ದಪ್ಪ ಇರಬೇಕು. ಹೆಚ್ಚುವ ಮೊದಲು ತುದಿಯ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡುವುದನ್ನು ಬಿಡಲೇಬಾರದು. ಕಹಿ ಎನಿಸಿದರೆ ಉಗಿದು, ಇಡೀ ಕಾಯಿ ಎಸೆಯಬೇಕು. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಿಷಾಂಶ ಬೇಯಿಸಿದರೂ ಹೋಗುವುದಿಲ್ಲ, ಉಪ್ಪು ಹಾಕಿ ಹಿಂಡಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ವಾಂತಿ, ರಕ್ತಸ್ರಾವವಾಗಿ ಸಾವು ಸಂಭವಿಸಿದ ಪ್ರಕರಣಗಳನ್ನು ಪರಿಶೀಲಿಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯ ವರದಿ 2012ರಲ್ಲಿ ಪ್ರಕಟವಾಗಿದೆ. ಜುಕಿನಿಗೂ ಇದೇ ನಿಯಮ. ‘ಸ್ವಲ್ಪ ಕಹಿ ಆರೋಗ್ಯಕ್ಕೆ ಒಳ್ಳೆಯದು’ ಎನ್ನುವ ಮಾತು ಹಾಗಲಕಾಯಿಗಷ್ಟೇ ಇರಲಿ.

ಎಳೆ ತೆಗೆಯುವುದಕ್ಕೆ ದೊಡ್ಡ ಯಂತ್ರ ಬೇಡ. ಹಲ್ಲಿರುವ ಜೂಲಿಯನ್ ಪೀಲರ್ ಒಂದಿದ್ದರೆ ಸಾಕು. ಕಾಯಿಯನ್ನು ಮಣೆಯ ಮೇಲೆ ಮಲಗಿಸಿ, ಮೇಲಿನಿಂದ ಕೆಳಗೆ ಒಂದೇ ಸಮನೆ ಎಳೆಯಬೇಕು. ಮೂರು ನಾಲ್ಕು ಸಲ ಎಳೆದು ಕಾಯಿ ತಿರುಗಿಸುವುದು, ಮತ್ತೆ ಎಳೆಯುವುದು. ಬೀಜದ ತಿರುಳು ಕಂಡ ಕೂಡಲೇ ನಿಲ್ಲಿಸಿ. ಜುಕಿನಿ, ಸೋರೆಯ ಆ ಮೆತ್ತನೆ ನಡುಭಾಗ ಎಳೆಯಾಗಿ ನಿಲ್ಲುವುದಿಲ್ಲ, ಬಾಣಲೆಯಲ್ಲಿ ಕರಗಿ ಉಳಿದ ಎಳೆಗಳನ್ನೂ ಲೊಳಲೊಳ ಮಾಡುತ್ತದೆ. ಅದನ್ನು ಸಾಂಬಾರಿಗೆ ಹಾಕಿ. ತಿರುಗಿಸುವ ಸ್ಪೈರಲೈಜರ್ ಇದ್ದವರಿಗೆ ಉದ್ದ ಎಳೆ ಸಿಗುತ್ತದೆ, ನಿಜ, ಆದರೆ ಎರಡು ಅಡಿ ಉದ್ದದ ಎಳೆ ಸಾಸಿನಲ್ಲಿ ಬೆರೆಯುವುದಿಲ್ಲ, ಗಂಟು ಕಟ್ಟುತ್ತದೆ. ಕತ್ತರಿಯಿಂದ ಗೇಣುದ್ದಕ್ಕೆ ಕತ್ತರಿಸಿಕೊಳ್ಳಿ. ತುರಿಮಣೆಯಲ್ಲಿ ಮಾತ್ರ ತುರಿಯಬೇಡಿ, ಅದು ಎಳೆಯಲ್ಲ, ಕೋಸಂಬರಿ.

ನೀರು ತೆಗೆಯುವ ಹಂತವೇ ಇಲ್ಲಿ ಮುಖ್ಯ. 500 ಗ್ರಾಂ ಎಳೆಗೆ ಮುಕ್ಕಾಲು ಟೀ ಚಮಚ ಪುಡಿ ಉಪ್ಪು ಉದುರಿಸಿ, ಕೈಯಿಂದ ಹಗುರವಾಗಿ ಬೆರೆಸಿ, ತೂತಿನ ಬಟ್ಟಲಲ್ಲಿ 20 ನಿಮಿಷ ಬಿಡಿ. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಎಳೆಗಳ ಮೇಲೆ ಸಣ್ಣ ಸಣ್ಣ ಹನಿ ಮೂಡಿ, ನೆಟ್ಟಗೆ ನಿಂತಿದ್ದ ಎಳೆ ಮಣಿದು ಒಂದರ ಮೇಲೊಂದು ಬೀಳುತ್ತದೆ, ಬಟ್ಟಲಿನ ಕೆಳಗೆ ಹಸಿರು ನೀರು ತೊಟ್ಟಿಕ್ಕಲು ಶುರುವಾಗುತ್ತದೆ. ಒಂದು ಎಳೆಯನ್ನು ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಂಡರೆ ಸಮಯವಾಯಿತು ಎಂದರ್ಥ. ಹಳೆಯ ಪಂಚೆ ಬಟ್ಟೆಯಲ್ಲಿ ಕಟ್ಟಿ ಒತ್ತಿದರೆ ಸಾಕು. ತಿರುಚಿ ಹಿಂಡಬೇಡಿ, ಎಳೆ ತುಂಡಾಗುತ್ತದೆ. ಅರ್ಧ ಗಂಟೆ ದಾಟಿದರೆ ಎಳೆ ಉಪ್ಪಿನಕಾಯಿ ಹೋಳಿನ ಹಾಗೆ ಬಾಡುತ್ತದೆ. ಉಪ್ಪು ಆಗಲೇ ಒಳಗೆ ಸೇರಿರುವುದರಿಂದ ಸಾಸಿಗೆ ಉಪ್ಪು ಹಾಕುವ ಮುಂಚೆ ಎರಡನ್ನೂ ಒಟ್ಟಿಗೆ ರುಚಿ ನೋಡಿ. ಚೀಸ್ ಹಾಕುವುದಾದರೆ ಬಹುತೇಕ ಬೇಕಾಗುವುದೇ ಇಲ್ಲ.

ಸೀಮೆಬದನೆಗೆ ಈ ಉಪ್ಪಿನ ಉಪಚಾರ ಹತ್ತು ನಿಮಿಷ ಸಾಕು. ಬಟರ್‌ನಟ್‌ನಂಥ ಸಿಹಿಗುಂಬಳಕ್ಕೆ ಬೇಡವೇ ಬೇಡ.

ಬೇಯಿಸುವುದಕ್ಕೆ ಅಗಲ ಕಬ್ಬಿಣದ ಬಾಣಲೆ ಅಥವಾ ದೋಸೆ ಕಾವಲಿ. ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ, ದೊಡ್ಡ ಉರಿ. ಒಂದು ಸಲಕ್ಕೆ 250 ಗ್ರಾಂಗಿಂತ ಹೆಚ್ಚು ಹಾಕಬಾರದು. ತುಂಬಿಸಿದರೆ ಬಿಸಿ ಇಳಿದು ಎಳೆ ತನ್ನ ಆವಿಯಲ್ಲೇ ಬೇಯುತ್ತದೆ, ಮತ್ತೆ ನೀರು. ಜುಕಿನಿಗೆ ಒಂದೂವರೆ ಎರಡು ನಿಮಿಷ, ಸೋರೆಗೆ ಮೂರು, ಸೀಮೆಬದನೆಗೆ ನಾಲ್ಕು ಐದು. ಮುಚ್ಚಳ ಮುಚ್ಚಲೇಬೇಡಿ. ಪಲ್ಯಕ್ಕೆ ಮುಚ್ಚಿ ಬೇಯಿಸುವ ಕೈ ಇಲ್ಲಿ ತಡೆದುಕೊಳ್ಳಬೇಕು.

ಸ್ಪಗೆಟಿ ಸ್ಕ್ವಾಶ್ ಸಿಕ್ಕಿದ್ದರೆ ಇದೆಲ್ಲ ಬೇಡ, ಅದರ ದಾರಿಯೇ ಬೇರೆ. ಅದರ ತಿರುಳಿನೊಳಗೆ ಎಳೆ ತಾನಾಗಿಯೇ ಇರುತ್ತದೆ, ಬೆಂದ ಮೇಲೆ ಬಿಡಿಸಿಕೊಳ್ಳುವುದಷ್ಟೇ ಕೆಲಸ. ಹೆಚ್ಚಿನವರು ಇದನ್ನು ತೊಟ್ಟಿನಿಂದ ತುದಿಗೆ ಉದ್ದುದ್ದ ಸೀಳುತ್ತಾರೆ. ಎಳೆಗಳು ಕಾಯಿಯ ಸುತ್ತ, ಅಡ್ಡಡ್ಡ, ಸಿಂಬಿ ಸುತ್ತಿದ ಹಾಗೆ ಇರುವುದರಿಂದ ಉದ್ದ ಸೀಳಿದರೆ ಎಲ್ಲ ಎಳೆಯೂ ನಡುವೆ ತುಂಡಾಗುತ್ತದೆ. ಚಕ್ಕುಲಿಯಾಕಾರದ ಬಿಲ್ಲೆಗಳಾಗಿ, ಒಂದೂವರೆ ಅಂಗುಲ ದಪ್ಪಕ್ಕೆ, ಅಡ್ಡ ಕತ್ತರಿಸಬೇಕು. ಸಿಪ್ಪೆ ಬಲು ಗಟ್ಟಿ, ಚಾಕು ಜಾರಿದರೆ ಕೈಗೇ ಬರುತ್ತದೆ. ಕೆಳಗೆ ಒದ್ದೆ ಬಟ್ಟೆ ಹಾಸಿ, ಮೊದಲು ಒಂದು ತುದಿ ಕತ್ತರಿಸಿ ಚಪ್ಪಟೆ ಮಾಡಿಕೊಳ್ಳಿ. ಮೈಕ್ರೋವೇವ್ ಇದ್ದರೆ ಚಾಕುತುದಿಯಿಂದ ಎಂಟು ಹತ್ತು ಕಡೆ ಆಳವಾಗಿ ಚುಚ್ಚಿ ಮೂರು ನಿಮಿಷ ಇಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ಚುಚ್ಚದೆ ಇಟ್ಟರೆ ಒಳಗಿನ ಆವಿಗೆ ಸಿಡಿಯುತ್ತದೆ. ಸಿಹಿಗುಂಬಳ ಹೆಚ್ಚಿ ಪಳಗಿದವರಿಗೆ ಈಳಿಗೆಮಣೆಯೇ ವಾಸಿ.

ಬಿಲ್ಲೆಗಳ ಬೀಜ ಕೆರೆದು ತೆಗೆದು, ಎರಡೂ ಬದಿಗೆ ಉಪ್ಪು ಸವರಿ ಕಾಲು ಗಂಟೆ ಬಿಟ್ಟು ಒರೆಸಿ. ಓಟಿಜಿಯನ್ನು (ಕರೆಂಟಿನ ಪುಟ್ಟ ಓವನ್) 200 ಡಿಗ್ರಿಗೆ ಕಾಯಿಸಿಟ್ಟು, ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ 25ರಿಂದ 30 ನಿಮಿಷ, ನಡುವೆ ಒಮ್ಮೆ ಮಗುಚಿ. 20 ನಿಮಿಷಕ್ಕೇ ಫೋರ್ಕಿನಿಂದ ಅಂಚು ಕೆರೆದು ನೋಡಲು ಶುರುಮಾಡಬೇಕು. ಎಳೆ ಸಲೀಸಾಗಿ ಬಿಟ್ಟುಬಂದು, ಹಲ್ಲಿಗೆ ಇನ್ನೂ ಕರಕ್ ಎನ್ನುತ್ತಿದ್ದರೆ ತೆಗೆದುಬಿಡಿ. ಅಲ್ಲಿಂದ ಹತ್ತು ನಿಮಿಷ ಹೆಚ್ಚಾದರೂ ಎಳೆ ಎಳೆಯಾಗಿ ಉಳಿಯುವುದಿಲ್ಲ, ಗೊಜ್ಜಾಗುತ್ತದೆ. ಓಟಿಜಿ ಇಲ್ಲದವರು ಇಡ್ಲಿ ಪಾತ್ರೆಯಲ್ಲಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಬಹುದು. ಕುಕ್ಕರ್ ಆದರೆ ವೆಯ್ಟ್ ತೆಗೆದು. ಸೀಟಿ ಹಾಕಿಸಿದರೆ ಹದ ಕೈತಪ್ಪುವುದು ಖಾತ್ರಿ. ಹಬೆಯಲ್ಲಿ ಬೆಂದದ್ದಕ್ಕೆ ನೀರು ಹೆಚ್ಚು ಹತ್ತಿರುತ್ತದೆ, ಬಿಡಿಸಿದ ಎಳೆಯನ್ನು ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ ಆರಿಸಿ. ಮಳೆಗಾಲದ ಹವೆಯಲ್ಲಿ ಫ್ಯಾನ್ ಕೆಳಗೇ ಹರಡಬೇಕು. ಒಂದೂವರೆ ಕಿಲೋ ಕಾಯಿಗೆ ಹೆಚ್ಚುಕಡಿಮೆ 700 ಗ್ರಾಂ ಎಳೆ ಬರುತ್ತದೆ, ಮೂವರಿಗೆ ಸಾಕು.

ಸಾಸ್ ಯಾವಾಗಲೂ ಪಾಸ್ತಾಕ್ಕೆ ಮಾಡುವುದಕ್ಕಿಂತ ಗಟ್ಟಿ ಇರಲಿ. ಇಬ್ಬರಿಗೆ: ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ತೆಳ್ಳಗೆ ಹೆಚ್ಚಿದ ಆರು ಎಸಳು ಬೆಳ್ಳುಳ್ಳಿ, ಸಣ್ಣ ಉರಿಯಲ್ಲಿ, ಅಂಚು ಹೊಂಬಣ್ಣವಾಗುವವರೆಗೆ. ಕಪ್ಪಾದರೆ ಇಡೀ ಸಾಸ್ ಕಹಿ. ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ ಎರಡು. ನಾಲ್ಕು ಟೊಮೆಟೊ, ಸುಮಾರು 350 ಗ್ರಾಂ, ಬೀಜದ ನೀರು ತೆಗೆದು ಹೆಚ್ಚಿದ್ದು. ಎಣ್ಣೆ ಬಿಡುವವರೆಗೆ, ಅಂದರೆ 12ರಿಂದ 15 ನಿಮಿಷ. ಚಮಚದಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಗೆರೆ ಕೂಡಲೇ ಮುಚ್ಚಿಕೊಳ್ಳಬಾರದು. ಆಗ ಎಳೆ ಹಾಕಿ, ಅರ್ಧ ನಿಮಿಷ ಮಗುಚಿ, ಇಳಿಸಿ. ಇಟಾಲಿಯನ್ ಬೇಸಿಲ್ ಸಿಗದಿದ್ದರೆ ಬಿಡಿ, ಕಟ್ಟೆಯ ತುಳಸಿಯನ್ನು ಕಿತ್ತು ಹಾಕಬೇಡಿ, ಅದರ ಲವಂಗದಂಥ ಖಾರ ಇಲ್ಲಿ ಹೊಂದುವುದಿಲ್ಲ.

ಬಿಳಿ ಸಾಸ್ ಬೇಕೆನ್ನುವವರು ಮೈದಾ ಹಾಕಿದರೆ ಉಳಿಸಿದ ಕಾರ್ಬ್ ಹಿಂದಿನ ಬಾಗಿಲಿಂದ ಬಂತು. 100 ಗ್ರಾಂ ಪನೀರು, ಕಾಲು ಲೋಟ ಹಾಲು, ಒಂದು ಎಸಳು ಬೆಳ್ಳುಳ್ಳಿ ನುಣ್ಣಗೆ ರುಬ್ಬಿ, ಕಾಳುಮೆಣಸು ಸೇರಿಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಾಕು. ಕುದಿಸಿದರೆ ಒಡೆದು ರವೆಯಂತಾಗುತ್ತದೆ. ಬಾಟಲಿ ಸಾಸ್ ಕೊಳ್ಳುವವರು ಹಿಂದಿನ ಚೀಟಿಯಲ್ಲಿ ಸಕ್ಕರೆ ಎಷ್ಟನೇ ಹೆಸರು ಎಂದು ಓದಲಿ. ಪಕ್ಕದಲ್ಲಿ ಗಾರ್ಲಿಕ್ ಬ್ರೆಡ್ ಇಟ್ಟುಕೊಂಡು ಜುಕಿನಿ ತಿನ್ನುವವರ ಬಗ್ಗೆ ಏನೂ ಹೇಳುವುದಿಲ್ಲ.

ಸೀಮೆಬದನೆಗೆ ಮಾತ್ರ ನನ್ನ ಮಟ್ಟಿಗೆ ಟೊಮೆಟೊ ಸಾಸಿಗಿಂತ ನಿಂಬೆಹಣ್ಣಿನ ಶಾವಿಗೆಯ ಒಗ್ಗರಣೆಯೇ ಲಾಯಕ್ಕು. ಸಾಸಿವೆ, ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಶೇಂಗಾ, ಹಸಿಮೆಣಸು, ಕರಿಬೇವು, ಚಿಟಿಕೆ ಅರಿಶಿನ. ಎಳೆ ಹಾಕಿ ದೊಡ್ಡ ಉರಿಯಲ್ಲಿ ನಾಲ್ಕು ನಿಮಿಷ ಬಾಡಿಸಿ, ಒಲೆ ಆರಿಸಿ, ಎರಡು ಚಮಚ ಕಾಯಿತುರಿ, ಅರ್ಧ ನಿಂಬೆ. ಅಕ್ಕಿ ಶಾವಿಗೆ ತಿಂದು ಬೆಳೆದ ನಾಲಿಗೆಗೆ ಇದು ಪಾಸ್ತಾದ ನಕಲು ಅನ್ನಿಸುವುದೇ ಇಲ್ಲ.

ಆಫೀಸ್ ಡಬ್ಬಿಗೆ ಕೊಡುವುದಾದರೆ ಎಳೆ ಒಂದು ಖಾನೆಯಲ್ಲಿ, ಸಾಸ್ ಇನ್ನೊಂದರಲ್ಲಿ. ಬಿಸಿ ಎಳೆಯನ್ನು ತಕ್ಷಣ ಮುಚ್ಚಿದರೆ ಮುಚ್ಚಳದಲ್ಲಿ ಹಬೆ ಕಟ್ಟಿ ಊಟದ ಹೊತ್ತಿಗೆ ಎಲ್ಲ ತೊಯ್ದಿರುತ್ತದೆ, ಪೂರ್ತಿ ಆರಿದ ಮೇಲೆ ಮುಚ್ಚಿ. ಹಸಿ ಎಳೆಯನ್ನು ಉಪ್ಪು ಹಾಕದೆ, ಒಣಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಇರುತ್ತದೆ. ಬೇಯಿಸಿದ ಸ್ಕ್ವಾಶ್ ಎಳೆ ಮೂರು ದಿನ. ಫ್ರೀಜರಿಗೆ ಯಾವುದನ್ನೂ ಹಾಕಬೇಡಿ, ಕರಗಿದಾಗ ಮತ್ತೆ ನೀರು ಹೊರಬರುತ್ತದೆ. ಸ್ಕ್ವಾಶಿನ ಬೀಜ ಎಸೆಯಬೇಡಿ: ತೊಳೆದು, ಒರೆಸಿ ಒಣಗಿಸಿ, ಅರ್ಧ ಚಮಚ ಎಣ್ಣೆ, ಉಪ್ಪು, ಮೆಣಸಿನಪುಡಿ ಸವರಿ, ಓಟಿಜಿ ಇನ್ನೂ ಬಿಸಿ ಇರುವಾಗಲೇ 160 ಡಿಗ್ರಿಯಲ್ಲಿ ಕಾಲು ಗಂಟೆ.